ಅಪ್ಪನ ಹಣೆಗೆ ಈಗಲೇ ವಿಭೂತಿ ಬೇಡ

ಹೋದ ವರ್ಷ ಶ್ರಾವಣದಲ್ಲಿ ಒಬ್ಬರು ಬೆಡ್‌ಶೀಟ್ ಸುತ್ತಿದ ಪೇಂಟಿಂಗ್ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಮೂರು ವಾರದ ಹಿಂದೆ ನಾನೇ ಎಣ್ಣೆ ಬಣ್ಣದಲ್ಲಿ ಮಾಡಿಕೊಟ್ಟಿದ್ದ ಅವರ ತಂದೆಯ ಭಾವಚಿತ್ರ. ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದರು: "ಸಾರ್, ಅಪ್ಪಾಜಿ ಹಣೆ ಹೋಗೈತಿ."

ಬೆಡ್‌ಶೀಟ್ ಸರಿಸಿದೆ. ಹೋಗಿತ್ತು ನಿಜ. ರುಮಾಲು ಇತ್ತು, ಕಣ್ಣಿತ್ತು, ನಾನು ನಾಲ್ಕು ದಿನ ಒದ್ದಾಡಿ ಬರೆದ ಬಿಳಿ ಮೀಸೆ ಇತ್ತು. ಹಣೆಯ ಜಾಗದಲ್ಲಿ ಮಾತ್ರ ಮೂರು ಗೀರು, ಸುತ್ತ ಒರೆಸಿದ ಕಂದು ಕಲೆ. ಪುಣ್ಯಸ್ಮರಣೆಯ ದಿನ ಮನೆಯ ಹಿರಿಯಜ್ಜಿ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಚಿತ್ರಕ್ಕೆ ಎಳೆದಿದ್ದಾರೆ. ಬೆರಳು ಬಣ್ಣದೊಳಗೇ ಇಳಿದಿದೆ. ಗಾಬರಿಬಿದ್ದು ಯಾರೋ ಒದ್ದೆ ಬಟ್ಟೆಯಿಂದ ತಿಕ್ಕಿದ್ದಾರೆ. ಮುಗಿಯಿತು ಕಥೆ.

ಅಜ್ಜಿಯದು ಏನೂ ತಪ್ಪಿಲ್ಲ. ಗೋಡೆಯ ಮೇಲಿನ ಫೋಟೋಗೆ ನಾವೆಲ್ಲ ಹಾಗೇ ಮಾಡುತ್ತೇವೆ, ಅಲ್ಲಿ ಗಾಜು ಇರುತ್ತದೆ. ಆದರೆ ಮಗನಿಗೆ ನಾನು ಮೂರು ಸಲ ಹೇಳಿದ್ದೆ, ಹಾರ ಫ್ರೇಮಿಗೆ ಹಾಕಿ, ಚಿತ್ರ ಮಾತ್ರ ಮುಟ್ಟಬೇಡಿ ಅಂತ. ಅವರು ಬೆರಳ ತುದಿಯಿಂದ ಒಂದು ಮೂಲೆ ಮುಟ್ಟಿ ನೋಡಿ, "ಒಣಗೈತಲ್ಲ ಸಾರ್" ಅಂದಿದ್ದರು.

ಒಣಗೈತಲ್ಲ! ದಾವಣಗೆರೆಯಲ್ಲಿ ಭಾವಚಿತ್ರ, ದನ, ನಾಯಿ, ಕುದುರೆ ಬರೆಯುತ್ತಾ ನನಗೆ ಇಪ್ಪತ್ತೇಳು ವರ್ಷ ಆಯಿತು. ಮಾತಾಡದ ಗಿರಾಕಿ ಬಂದಿದ್ದಾರೆ, ದುಡ್ಡು ಕೊಡದ ಗಿರಾಕಿ ಬಂದಿದ್ದಾರೆ, "ಸ್ವಲ್ಪ ಬೆಳ್ಳಗೆ ಮಾಡಿ" ಅನ್ನುವವರು ವಾರಕ್ಕೊಬ್ಬರು ಬರುತ್ತಾರೆ. ಅವರನ್ನೆಲ್ಲ ಸಹಿಸಬಹುದು. ಈ ಒಂದು ಮಾತು ಕೇಳಿದಾಗ ಮಾತ್ರ ನನಗೆ ತಲೆ ಕೆಡುತ್ತದೆ. ಅದಕ್ಕೇ ಇವತ್ತು ಇದೊಂದನ್ನೇ ಹೇಳುತ್ತೇನೆ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಡಿಸ್ಟೆಂಪರ್, ವಾಟರ್ ಕಲರ್, ಅಕ್ರಿಲಿಕ್, ಇವು ಒಣಗುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಬಣ್ಣ ಉಳಿಯುತ್ತದೆ. ಅಕ್ರಿಲಿಕ್‌ನಲ್ಲಿ ನೀರು ಹೋದ ಮೇಲೆ ಪ್ಲಾಸ್ಟಿಕ್‌ನ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ಪೊರೆಯಾಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ತೆಳುವಾಗಿ ಹಚ್ಚಿದ್ದಕ್ಕೆ ಹತ್ತು ನಿಮಿಷವೂ ಬೇಡ. ಒಂದು ಟೀ ಕುಡಿದು ಬರುವಷ್ಟರಲ್ಲಿ ಬ್ರಷ್ಷೂ ಕಟ್ಟಿಗೆಯಾಗಿರುತ್ತದೆ.

ಎಣ್ಣೆ ಬಣ್ಣದಲ್ಲಿ ನೀರೇ ಇಲ್ಲ. ಪುಡಿ ಬಣ್ಣವನ್ನು ಅಗಸೆ ಎಣ್ಣೆಯಲ್ಲಿ, ಅಂದರೆ ಲಿನ್‌ಸೀಡ್ ಆಯಿಲ್‌ನಲ್ಲಿ, ಅರೆದಿರುತ್ತಾರೆ. ಹೌದು, ನಾವು ರೊಟ್ಟಿ ಜೊತೆ ಚಟ್ನಿಪುಡಿ ಮಾಡುವ ಅದೇ ಅಗಸೆ. ಈ ಎಣ್ಣೆ ಆವಿಯಾಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ತನ್ನೊಳಗೆ ತಾನೇ ಹೆಣೆದುಕೊಳ್ಳುತ್ತಾ ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆ ಒಣಗಿದರೆ ಹಗುರವಾಗುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಮೊದಮೊದಲು ಅದರ ತೂಕ ಹೆಚ್ಚುತ್ತದೆ. ಅಲ್ಲಿಂದ ಏನೋ ಹೊರಗೆ ಹೋಗುತ್ತಿಲ್ಲ, ಗಾಳಿ ಒಳಗೆ ಬರುತ್ತಿದೆ. ಹಾಗಾಗಿ ನಾನು ಒಣಗುವುದು ಅನ್ನುವುದನ್ನೇ ಬಿಟ್ಟಿದ್ದೇನೆ. ತೆಂಗಿನಕಾಯಿಗೆ ಹೇಳುತ್ತೇವಲ್ಲ, ಎಳಸು, ಬಲಿತದ್ದು ಅಂತ. ಎಣ್ಣೆ ಬಣ್ಣವೂ ಬಲಿಯಬೇಕು.

ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ. ಸೂರ್ಯಕಾಂತಿ ಎಣ್ಣೆ ಡಬ್ಬಿಯ ಬಾಯಿ ಸುತ್ತ ಒಂದು ಹಳದಿ ಅಂಟು ಕಟ್ಟಿರುತ್ತದೆ, ಉಗುರಲ್ಲಿ ಕೆರೆದರೂ ಬರುವುದಿಲ್ಲ. ಅದು ಅರ್ಧ ಬಲಿತ ಎಣ್ಣೆ. ಬೆಣ್ಣೆ ದೋಸೆ ಹೋಟೆಲಿನ ಕಾವಲಿ ನೋಡಿ. ಹೊಸ ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ ಪಳಗಿಸಿರುತ್ತಾರೆ. ಆ ಕಪ್ಪು ನುಣುಪು ಕೂಡ ಗಟ್ಟಿಯಾದ ಎಣ್ಣೆಯೇ. ಅಲ್ಲಿ ಬೆಂಕಿ ಬೇಗ ಮಾಡುವ ಕೆಲಸವನ್ನು ನನ್ನ ಕ್ಯಾನ್ವಾಸ್ ಮೇಲೆ ಬರೀ ಗಾಳಿ ನಿಧಾನಕ್ಕೆ ಮಾಡಬೇಕು.

ಎಲ್ಲ ಎಣ್ಣೆಯೂ ಬಲಿಯುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಚಳ್ಳಕೆರೆಯಿಂದ ಒಬ್ಬ ಹುಡುಗ ನನ್ನ ಹತ್ತಿರ ಕಲಿಯಲು ಬರುತ್ತಿದ್ದ. ಎಣ್ಣೆ ಗಿರಣಿಗಳ ಊರಿನವನು. "ಸಾರ್, ಲಿನ್‌ಸೀಡ್ ಬಾಟ್ಲಿಗೆ ಯಾಕೆ ಸುಮ್ನೆ ದುಡ್ಡು? ಮನೇಲಿ ಶೇಂಗಾ ಎಣ್ಣೆ ಐತೆ" ಅಂದ. ಮಾಡು ಅಂದೆ, ಬುದ್ಧಿ ಬರಲಿ ಅಂತ. ಶೇಂಗಾ ಎಣ್ಣೆ ಬೆರೆಸಿ ಒಂದು ಎಮ್ಮೆ ಬರೆದ. ಒಂದು ವರ್ಷ ಕಳೆದರೂ ಎಮ್ಮೆ ಬೆರಳಿಗೆ ಹತ್ತುತ್ತಿತ್ತು. ಅಷ್ಟರಲ್ಲಿ ಅದಕ್ಕೆ ಧೂಳು, ಕೂದಲು, ನಾಲ್ಕೈದು ಸೊಳ್ಳೆ ಅಂಟಿ ನಿಜವಾದ ಎಮ್ಮೆಯ ಚರ್ಮದಂತೆಯೇ ಕಾಣುತ್ತಿತ್ತು ಅನ್ನಿ.

ಈಗ ಬೆರಳು ಮುಟ್ಟಿ ನೋಡುವ ವಿಷಯ. ಗಾಳಿ ಮೊದಲು ತಾಕುವುದು ಮೇಲಿನ ಪದರಕ್ಕೆ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೊಂದು ಪೊರೆ ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಒಳಗೆ ಇನ್ನೂ ಹಸಿ. ತೆಳು ಪದರವಾದರೆ ಎರಡು ದಿನದಿಂದ ಎರಡು ವಾರದೊಳಗೆ ಈ ಪೊರೆ ಬರಬಹುದು. ಖಚಿತವಾಗಿ ಇಷ್ಟೇ ದಿನ ಅಂತ ನಾನು ಯಾರಿಗೂ ಬರೆದುಕೊಡುವುದಿಲ್ಲ. ಬಣ್ಣ ಯಾವುದು, ಎಷ್ಟು ದಪ್ಪ, ಮಳೆಗಾಲವೋ ಬೇಸಿಗೆಯೋ, ಎಲ್ಲದರ ಮೇಲೆ ಹೋಗುತ್ತದೆ. ಪೂರ್ತಿ ಬಲಿಯಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನುವುದು. ಈಗ ಬೇಗ ಹಚ್ಚಬಹುದಾದ ವಾರ್ನಿಷ್‌ಗಳೂ ಬಂದಿವೆ, ಬಾಟಲಿಯ ಮೇಲೆ ಬರೆದಿರುತ್ತಾರೆ, ಓದಿಕೊಳ್ಳಿ. ನಾನಂತೂ ಹಳೆಯ ಕಾಲದವನು, ಕಾಯುತ್ತೇನೆ.

ಬಣ್ಣ ಬಣ್ಣಕ್ಕೂ ಒಂದೊಂದು ಸ್ವಭಾವ. ಬರ್ನ್ಟ್ ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇದೆ, ಬೇಗ ಬಲಿಯುತ್ತದೆ. ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಮಹಾ ಸೋಮಾರಿ. ನನ್ನ ಮೊದಲ ವರ್ಷಗಳಲ್ಲಿ ಒಬ್ಬ ತಾಯಿಯ ಭಾವಚಿತ್ರಕ್ಕೆ ತಲೆಗೂದಲನ್ನು ಕೆಳಗಿನ ಪದರದಿಂದಲೇ ಐವರಿ ಬ್ಲ್ಯಾಕ್‌ನಲ್ಲಿ ದಪ್ಪಗೆ ತುಂಬಿ, ಮೇಲೆ ಬೇಗ ಬಲಿಯುವ ಕಂದು ಎಳೆದೆ. ಎರಡು ವರ್ಷಕ್ಕೆ ಅಮ್ಮನ ತುರುಬು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಬಿಗಿದುಕೊಂಡರೆ ಆಗುವುದೇ ಹೀಗೆ. ಕೆಳಗಿನ ಪದರ ತೆಳು, ಎಣ್ಣೆ ಕಡಿಮೆ. ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಇದನ್ನು ನಾನು ಓದಿ ತಿಳಿದಿದ್ದೆ, ಆ ತುರುಬು ನೋಡಿದ ಮೇಲೆ ಕಲಿತೆ.

ಹಾಗಾದರೆ ಅಕ್ರಿಲಿಕ್ ಎಲ್ಲಿ ಬಂತು? ಅಡಿಪಾಯಕ್ಕೆ. ಜೆಸ್ಸೋ ಅನ್ನುವ ಬಿಳಿ ಅಸ್ತರು ಹಚ್ಚಿದ ಕ್ಯಾನ್ವಾಸ್ ಮೇಲೆ ನಾನು ಮೊದಲ ಎರಡು ಪದರವನ್ನು ಅಕ್ರಿಲಿಕ್‌ನಲ್ಲೇ ಮುಗಿಸುತ್ತೇನೆ. ನೆರಳು ಎಲ್ಲಿ, ಬೆಳಕು ಎಲ್ಲಿ, ಕೂದಲು ಯಾವ ಕಡೆ ಬಾಗಿದೆ, ಅಷ್ಟೇ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟು ಒಂದು ಕೈ ತಿಳಿಯಾಗಿಯೇ ಹಚ್ಚಬೇಕು. ಎರಡು ಮೂರು ದಿನ ಬಿಟ್ಟು ಮೇಲೆ ಎಣ್ಣೆ ಬಣ್ಣ. ಕೆನ್ನೆಯ ತಿರುವು, ಗದ್ದದ ಕೆಳಗಿನ ಮೆತ್ತನೆ ನೆರಳು, ಹೋರಿಯ ಗಂಗೆದೊಗಲು, ಇವಕ್ಕೆ ಎಣ್ಣೆಯೇ ಬೇಕು. ಒಂದು ಬಣ್ಣ ಇನ್ನೊಂದರೊಳಗೆ ಕರಗುವ ತನಕ ಅದು ಕಾಯುತ್ತದೆ, ಅಕ್ರಿಲಿಕ್ ಕಾಯುವುದಿಲ್ಲ.

ಆದರೆ ಈ ಮೆಟ್ಟಿಲು ಹತ್ತಲು ಮಾತ್ರ. ಅಕ್ರಿಲಿಕ್ ಮೇಲೆ ಎಣ್ಣೆ ನಡೆಯುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಡೆಯುವುದಿಲ್ಲ. ದೃಶ್ಯಕಲೆ ಓದಿದ ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ, ಮನೆಯಲ್ಲಿ ಕಲಿಯುವವರು ಎಡವುವುದು ಇಲ್ಲೇ. ಒಬ್ಬಳು ಹುಡುಗಿ ತನ್ನ ಬೆಕ್ಕಿನ ಚಿತ್ರ ಬಹಳ ಚೆಂದ ಬರೆದಿದ್ದಳು. ನಾಳೆ ಅಣ್ಣನ ಹುಟ್ಟುಹಬ್ಬ, ಇನ್ನೂ ಮೀಸೆ ಬಾಕಿ. ಬೇಗ ಒಣಗಲಿ ಅಂತ ಬಿಳಿ ಅಕ್ರಿಲಿಕ್‌ನಲ್ಲಿ ಮೀಸೆ ಎಳೆದಳು. ನೋಡಲು ಕೂದಲೆಳೆಯಷ್ಟು ಸಪೂರ, ನನಗೂ ಹೊಟ್ಟೆಕಿಚ್ಚಾಗುವಂತೆ ಬಂದಿತ್ತು. ಎರಡು ತಿಂಗಳ ನಂತರ ಫೋನ್: "ಅಂಕಲ್, ಬೆಕ್ಕಿನ ಮೀಸೆ ಉದುರ್ತಾ ಇದೆ." ಜಿಡ್ಡಿನ ಮೇಲೆ ನೀರಿನ ಬಣ್ಣ ಎಲ್ಲಿ ಹಿಡಿದುಕೊಳ್ಳಬೇಕು, ಪಾಪ.

ಗಿರಾಕಿಗಳಲ್ಲಿ ಇದನ್ನು ಕೂಡಲೇ ಅರ್ಥ ಮಾಡಿಕೊಂಡವರು ಜಗಳೂರು ಕಡೆಯ ಒಬ್ಬ ರೈತರು. ತೀರಿಹೋದ ತಮ್ಮ ಅಮೃತ ಮಹಲ್ ಹೋರಿಯ ಚಿತ್ರ ಬೇಕು ಅಂತ ಬಂದಿದ್ದರು. ಅಪ್ಪನ ಚಿತ್ರ ಕೇಳುವವರಿಗಿಂತ ಜಾಸ್ತಿ ಕಣ್ಣೀರು ಅವರದು. ಅಕ್ರಿಲಿಕ್ ಹಂತದಲ್ಲೇ ಕರೆದು ತೋರಿಸಿದೆ. ತೋರಿಸುವುದು ಯಾವಾಗಲೂ ಆಗಲೇ, ತಪ್ಪಿದ್ದರೆ ಅರ್ಧ ಗಂಟೆಯಲ್ಲಿ ತಿದ್ದಬಹುದು. ಅವರು ಐದು ನಿಮಿಷ ಸುಮ್ಮನೆ ನಿಂತು ನೋಡಿ, "ಮೇಷ್ಟ್ರೇ, ಕೊಂಬಿನ ಬುಡ ಇಷ್ಟು ದೂರ ಇರಂಗಿಲ್ಲ, ಎರಡೂ ಒತ್ತಿಗೇ ಹುಟ್ತಾವು" ಅಂದರು. ಸರಿಯಾಗಿತ್ತು. ಆ ತಳಿಯ ಕೊಂಬು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಕಪ್ಪು ಚೂಪು ತುದಿಗೆ ಮುಗಿಯುತ್ತದೆ. ಮೈ ಬೂದು, ಕತ್ತು ಮತ್ತು ಡುಬ್ಬದ ಹತ್ತಿರ ಇನ್ನೂ ಕಪ್ಪು. ಬೂದು ಅಂದರೆ ಬಿಳಿಗೆ ಕಪ್ಪು ಬೆರೆಸಿದ್ದಲ್ಲ, ಹಾಗೆ ಮಾಡಿದರೆ ಹೋರಿ ಸಿಮೆಂಟಿನದಾಗುತ್ತದೆ. ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ, ಬಿಳಿ. ಬಿಸಿಲು ಬಿದ್ದ ಕಡೆ ಕಂದು ಜಾಸ್ತಿ, ನೆರಳಲ್ಲಿ ನೀಲಿ ಜಾಸ್ತಿ. ಕೂದಲನ್ನು ಒಂದೊಂದಾಗಿ ಎಣಿಸಿ ಬರೆಯಬೇಡಿ. ಮೈಯ ಉಬ್ಬುತಗ್ಗು ಸರಿಯಾದರೆ, ಬೆಳಕು ಹೊರಳುವ ಕಡೆ ನಾಲ್ಕು ಕೂದಲು ಸಾಕು.

ಒಂದು ಪದರ ಹಾಕಿ ಹತ್ತು ದಿನ ಬಿಡಬೇಕು ಅಂದಾಗ ಆ ರೈತರು ತಲೆಯಾಡಿಸಿದರು. "ಮೆಕ್ಕೆಜೋಳನೂ ಹಂಗೇ, ಮೇಲೆ ಒಣಗಿದಂಗೆ ಕಾಣ್ತತಿ, ಹಲ್ಲಾಗೆ ಕಡಿದರೆ ಹಸಿ." ಖುಷಿಯಾಯಿತು ನನಗೆ. ಮರುಕ್ಷಣವೇ ಕೇಳಿದರು: "ಹಂಗಾದ್ರೆ ಒಯ್ದು ಕಣದಾಗೆ ಬಿಸ್ಲಿಗೆ ಇಡಾಣೇನು?"

ಬೇಡ ಮಹರಾಯರೇ! ಬಿಸಿಲಿಗೆ, ಹೇರ್ ಡ್ರೈಯರ್‌ಗೆ ಹಿಡಿದರೆ ಮೇಲಿನ ಪೊರೆ ಮಾತ್ರ ಗಬಕ್ಕನೆ ಬಿಗಿದು ಸುಕ್ಕುಗಟ್ಟುತ್ತದೆ, ಒಳಗಿನದು ಇನ್ನಷ್ಟು ತಡವಾಗುತ್ತದೆ. ಹಾಗಂತ ಬೀರು ಹಿಂದೆ ಕತ್ತಲಲ್ಲಿ ಇಟ್ಟರೂ ಕಷ್ಟ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ. ಹಾಗಾದ ಚಿತ್ರವನ್ನು ಬೆಳಕಿರುವ ಕೋಣೆಯಲ್ಲಿ ಕೆಲವು ವಾರ ತೂಗುಹಾಕಿದರೆ ಎಷ್ಟೋ ತಿಳಿಯಾಗುವುದನ್ನು ನಾನೇ ನೋಡಿದ್ದೇನೆ. ನೇರ ಬಿಸಿಲು ಬೀಳದ, ಗಾಳಿ ಬೆಳಕಿರುವ ಗೋಡೆ ಸಾಕು. ದೇವರ ಮನೆಯ ಊದುಬತ್ತಿ ಹೊಗೆಯಿಂದ ದೂರ ಇದ್ದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್, ಬಬಲ್ ಶೀಟ್ ಸುತ್ತಿ ತಿಂಗಳು ಇಡಬೇಡಿ, ಗುಳ್ಳೆಗಳ ಅಚ್ಚು ಅಪ್ಪನ ಕೆನ್ನೆಯ ಮೇಲೆ ಸಿಡುಬಿನ ಕಲೆಯಂತೆ ಕೂರುತ್ತದೆ.

ಬಲಿತಿದೆಯೋ ಇಲ್ಲವೋ ನೋಡಲು ನಾನು ಮಾಡುವುದು ಇಷ್ಟು. ಬಣ್ಣ ದಪ್ಪಗಿರುವ ಕಡೆ, ಕಣ್ಣಿಗೆ ಬೀಳದ ಅಂಚಿನಲ್ಲಿ, ಉಗುರು ಮೆಲ್ಲಗೆ ಒತ್ತುತ್ತೇನೆ. ಗುಳಿ ಬಿದ್ದರೆ ಹಸಿ. ಬೀಳದಿದ್ದರೆ ಟರ್ಪೆಂಟೈನ್ ತಾಗಿಸಿದ ಹತ್ತಿಯನ್ನು ಅಲ್ಲೇ ಹಗುರವಾಗಿ ಸವರಿ ನೋಡುತ್ತೇನೆ. ಹತ್ತಿಗೆ ಬಣ್ಣ ಬಂದರೆ ವಾರ್ನಿಷ್ ಮಾತೇ ಇಲ್ಲ. ಇದು ನನ್ನ ಕೈಲಿ ನಡೆಯುತ್ತದೆ. ನಿಮ್ಮ ಚಿತ್ರವನ್ನು ಬರೆದವರನ್ನು ಕೇಳದೆ ನೀವು ಮಾಡಬೇಡಿ.

"ರವಿವರ್ಮನ ಚಿತ್ರ ನೂರು ವರ್ಷ ಆದ್ರೂ ಹಂಗೇ ಇಲ್ವಾ?" ಅಂತ ಕೇಳುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬಂದವರು ತಪ್ಪದೆ ಕೇಳುತ್ತಾರೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ನೀರಲ್ಲಿ ಕಲಸುವ ಅಕ್ರಿಲಿಕ್ ಕಲಾವಿದರ ಕೈಗೆ ಬಂದಿದ್ದೇ 1950ರ ದಶಕದಲ್ಲಿ. ಅವಸರಕ್ಕೆ ಅವರ ಕೈಯಲ್ಲಿ ಬೇರೆ ದಾರಿಯೇ ಇರಲಿಲ್ಲ. ಮತ್ತೆ, ಅವರ ಚಿತ್ರಗಳ ಹಣೆಗೆ ಯಾರೂ ಮರುದಿನವೇ ನೀರು ಹಚ್ಚಿರಲಿಕ್ಕಿಲ್ಲ.

ತಾರೀಖು ನಿಗದಿಯಾಗಿಬಿಟ್ಟಿದ್ದರೆ ಮೊದಲೇ ಹೇಳಿ. ಪೂರ್ತಿ ಅಕ್ರಿಲಿಕ್‌ನಲ್ಲೇ ಮಾಡಿಕೊಡಬಹುದು, ಕೆನ್ನೆ ಅಷ್ಟು ಮೆತ್ತಗೆ ಬರುವುದಿಲ್ಲ ಅಷ್ಟೇ. ಬೇಗ ಗಟ್ಟಿಯಾಗಿಸುವ ಆಲ್ಕಿಡ್ ಮೀಡಿಯಂ ಅನ್ನುವ ಬೆರಕೆ ಸೇರಿಸಿದರೆ ಎಣ್ಣೆ ಬಣ್ಣವೂ ರಾತ್ರಿ ಬೆಳಗಾಗುವುದರೊಳಗೆ ಮುಟ್ಟುವ ಹಾಗಾಗುತ್ತದೆ, ಆದರೂ ಅದು ಪೂರ್ತಿ ಬಲಿತಂತಲ್ಲ. ಎಲ್ಲಕ್ಕಿಂತ ಒಳ್ಳೆಯದು, ಕಾರ್ಯಕ್ಕೆ ಫೋಟೋ ಇಡಿ, ಪೇಂಟಿಂಗ್ ಮುಂದಿನ ವರ್ಷಕ್ಕೆ ಇರಲಿ. ಈ ಸಲಹೆ ಕೇಳಿದವರು ಇದುವರೆಗೆ ಇಬ್ಬರೇ.

ಆ ಹಣೆಯನ್ನು ನಾನು ಮತ್ತೆ ಕಟ್ಟಿದೆ. ಎರಡು ತಿಂಗಳು ಹಾಗೇ ಬಿಟ್ಟು, ಗೀರಿನ ಅಂಚನ್ನು ಸಣ್ಣ ಉಪ್ಪುಕಾಗದದಲ್ಲಿ ಸವೆಸಿ, ಮೂರು ಪದರ ಹಾಕಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅವಸರಕ್ಕೆ ಬಿದ್ದು ಪುಣ್ಯಸ್ಮರಣೆಗೆ ಎರಡೇ ದಿನ ಮುಂಚೆ ಚಿತ್ರ ಕೊಟ್ಟ ತಪ್ಪು ನನ್ನದೂ ಇತ್ತು. ವರ್ಷ ತುಂಬಿ ವಾರ್ನಿಷ್ ಆದ ಮೇಲೆ, ಬಣ್ಣಕ್ಕೆ ತಾಗದಂತೆ ನಡುವೆ ಪಟ್ಟಿ ಕೊಟ್ಟು ಗಾಜು ಹಾಕಿಸಿದ್ದೇವೆ. ಈಗ ಅಜ್ಜಿ ದಿನಾ ವಿಭೂತಿ ಹಚ್ಚುತ್ತಾರಂತೆ.

ಮನೆಯಲ್ಲೇ ಎಣ್ಣೆ ಬಣ್ಣ ಹಚ್ಚುವವರಿಗೆ ಇನ್ನೊಂದು. ಬ್ರಷ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿ ಹೀರಿ ಬಲಿಯುವಾಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಅದು ಆರಿಹೋಗುತ್ತದೆ, ಮುದ್ದೆಯೊಳಗೆ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಒಂದೊಂದಾಗಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ನಮ್ಮ ಹಿತ್ತಲ ತಂತಿಯ ಮೇಲೆ ಕಂದು, ನೀಲಿ, ಕೆಂಪು ಮೆತ್ತಿದ ಚಿಂದಿಗಳು ಯಾವಾಗಲೂ ಸಾಲಾಗಿ ನೇತಾಡುತ್ತಿರುತ್ತವೆ. ಪಕ್ಕದ ಮನೆಯ ಅಮ್ಮ ಕಾಂಪೌಂಡ್ ಆಚೆಯಿಂದ ನನ್ನ ಹೆಂಡತಿಯನ್ನು ಕೇಳುತ್ತಾರೆ: "ಅಲ್ವೇ, ಒಣಗಿಸೋಕೆ ಮುಂಚೆ ಒಂದ್ಸಲ ಒಗೀಬಾರ್ದೇನೇ?"