ಕಾಫಿಯಾ ಅಲ್ಲ, ಬರೀ ಪ್ರತ್ಯಯ

ರಾಯಚೂರು 1948ರವರೆಗೆ ನಿಜಾಮರ ಸೀಮೆ. ಇಲ್ಲಿಯ ಕಿವಿಗೆ ಉರ್ದು ಹೊಸದಲ್ಲ. ಕನ್ನಡ ಗಜಲಿಗೆ ಬುನಾದಿ ಹಾಕಿದ ಶಾಂತರಸರೂ ಈ ಜಿಲ್ಲೆಯವರೇ. ಗಜಲ್ ಬರೆಯುವವರು ಇಲ್ಲಿ ಬಹಳ, ತಿದ್ದಿ ಓದುವವರು ಕಡಿಮೆ. ಗೆಳೆಯರು ಹಾಳೆ ಕೊಟ್ಟು ‘ಸ್ವಲ್ಪ ನೋಡ್ರಿ’ ಅಂದಾಗ ‘ಛಲೋ ಐತಿ’ ಅಂತ ಮಡಚಿ ಕೊಟ್ಟರೆ ಬರೆದವರಿಗೆ ಅನ್ಯಾಯ ಮಾಡಿದಂತೆ.

ಮೊದಲು ಮತ್ಲಾವನ್ನು, ಅಂದರೆ ಮೊದಲ ಶೇರನ್ನು (ಎರಡು ಸಾಲಿನ ದ್ವಿಪದಿ), ಬಾಯಿಬಿಟ್ಟು ಓದಿ. ಇಂಥದೊಂದು ಬಂದಿದೆ ಎನ್ನಿ:

ಬಿಸಿಲು ಬಿದ್ದಿದೆ ಬೀದಿಯಲ್ಲಿ ನೀನಿಲ್ಲದೆ
ನೆರಳು ಕೂತಿದೆ ಬಾಗಿಲಲ್ಲಿ ನೀನಿಲ್ಲದೆ

ಸಾಲಿನ ಕೊನೆಗೆ ಮರಳಿ ಬರುವ ‘ನೀನಿಲ್ಲದೆ’ ರದೀಫ್, ಸರಿ. ಬೀದಿಯಲ್ಲಿ, ಬಾಗಿಲಲ್ಲಿ ಕಾಫಿಯಾ, ಅಂದರೆ ರದೀಫಿಗೆ ಮೊದಲು ಬರುವ ಪ್ರಾಸಪದ, ಅನ್ನಿಸುತ್ತವೆ, ಆದರೆ ಅಲ್ಲ. ‘ಅಲ್ಲಿ’ ತೆಗೆಯಿರಿ: ಬೀದಿ, ಬಾಗಿಲು. ಪ್ರಾಸ ಎಲ್ಲಿದೆ? ಕೂಡಿಬಂದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಕನ್ನಡ ಗಜಲಿನ ದೊಡ್ಡ ರೋಗವೇ ಇದು. ನಮ್ಮಲ್ಲಿ ಯಾವ ನಾಮಪದಕ್ಕೂ ‘ಅಲ್ಲಿ’, ‘ಇಂದ’ ಅಂಟುತ್ತವೆ, ಕಿವಿ ಮೋಸಹೋಗುತ್ತದೆ. ಅದಕ್ಕೇ ಹಾಳೆಯ ಅಂಚಿನಲ್ಲಿ ಎಲ್ಲ ಕಾಫಿಯಾಗಳನ್ನು ಒಂದರ ಕೆಳಗೊಂದು ಬರೆದು, ಪ್ರತ್ಯಯ ಹೊಡೆದುಹಾಕಿ ನೋಡಬೇಕು. ಮೊದಲ ಸಾಲು ತಿದ್ದುವುದು ಕಷ್ಟವಲ್ಲ:

ಬೀದಿ ಬೇಯುತಿದೆ ಬಿಸಿಲಲ್ಲಿ ನೀನಿಲ್ಲದೆ

ಬಿಸಿಲು, ಬಾಗಿಲು. ಈಗ ‘ಇಲು’ ನಿಂತಿತು. ಮುಂದಿನ ಶೇರುಗಳಿಗೆ ಮುಗಿಲು, ಮಡಿಲು, ದಿಗಿಲು, ನವಿಲು ಇವೆ. ಕಡಲು, ಒಡಲು ಬಂದರೆ ತಪ್ಪು, ಅಲ್ಲಿರುವುದು ‘ಅಲು’.

ಆಮೇಲೆ ಮಾತ್ರೆ. ಮೇಲಿನ ಮೂರೂ ಸಾಲು ಐದೈದರ ಮೂರು ಗಣ, ಕೊನೆಗೆ ನಾಲ್ಕು, ಒಟ್ಟು 19. ‘ಚಂದ್ರ ಬಾಡಿದ ಮುಗಿಲಲ್ಲಿ ನೀನಿಲ್ಲದೆ’ ಎಂದು ಬರೆದರೆ 18. ಎರಡನೇ ಗಣದಲ್ಲಿ ನಾಲಿಗೆ ಎಡವುತ್ತದೆ. ‘ಬಾಡಿದನು’ ಅಂದರೆ ಸಾಕು.

ರದೀಫನ್ನು ಬೆರಳಿನಿಂದ ಮುಚ್ಚಿಯೂ ಓದಿ. ‘ನೆರಳು ಕೂತಿದೆ ಬಾಗಿಲಲ್ಲಿ’ ಎಂಬಲ್ಲಿಗೆ ಅದು ಬರೀ ನೆರಳು. ಬೆರಳು ತೆಗೆದಾಗ ಕಾಯುವ ಜೀವ. ಮುಚ್ಚಿದರೂ ತೆರೆದರೂ ಅರ್ಥ ಒಂದೇ ಆಗಿದ್ದರೆ ಆ ಶೇರಿನಲ್ಲಿ ರದೀಫ್ ಸುಮ್ಮನೆ ಜೋತುಬಿದ್ದಿದೆ.

ಶೇರುಗಳು ಕನಿಷ್ಠ ಐದಿರಲಿ, ಒಂದೊಂದೂ ತನ್ನ ಕಾಲ ಮೇಲೆ ನಿಲ್ಲಲಿ. ಮಕ್ತಾದಲ್ಲಿ, ಅಂದರೆ ಕೊನೆಯ ಶೇರಿನಲ್ಲಿ, ಕಾವ್ಯನಾಮ ಬರುವುದಿದ್ದರೆ ಅರ್ಥಕ್ಕೂ ದುಡಿಯಬೇಕು, ಬರೀ ಸಹಿಯಾಗಬಾರದು.

ತಪ್ಪಿದ್ದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಕಾರಣ ಬರೆಯಿರಿ, ಹೊಂದುವ ಕಾಫಿಯಾ ನಾಲ್ಕು ಕೊಡಿ. ಸಾಲನ್ನೇ ಬರೆದುಕೊಟ್ಟರೆ ಅದು ನಿಮ್ಮ ಗಜಲ್ ಆಗುತ್ತದೆ.