ನಿಂತಲ್ಲೇ ಓಡುವ ಸ್ಪೀಡಿ

ಲಾಸ್ ಏಂಜಲೀಸ್ ಪಕ್ಕದ ಡೌನಿ ಊರಲ್ಲಿ ಒಬ್ಬ ಬಾಣಸಿಗ 1959ರಿಂದ ರಸ್ತೆಬದಿ ಓಡ್ತಾ ಇದ್ದಾನೆ. ಹೆಸರು ಸ್ಪೀಡಿ. ಬರ್ಗರ್‌ನಂಥ ದುಂಡು ತಲೆ, ಮೇಲೊಂದು ಬಿಳಿ ಟೋಪಿ. ಅವನು ಇರುವುದು ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯ ಸುಮಾರು 60 ಅಡಿ ಎತ್ತರದ ನಿಯಾನ್ ದೀಪದ ಬೋರ್ಡಿನ ಮೇಲೆ. ಅಂಗಡಿ 1953ರದು. ಆ ಕಂಪನಿಯ ಅಂಗಡಿಗಳಲ್ಲಿ ಇವತ್ತು ಉಳಿದಿರುವ ಅತಿ ಹಳೆಯದು ಇದೇ.

ನಿಜ ಹೇಳಬೇಕೆಂದರೆ ಸ್ಪೀಡಿಯ ಕಾಲು ಒಂದಿಂಚೂ ಅಲುಗುವುದಿಲ್ಲ. ಕಾಲಿನ ಒಂದೊಂದು ಭಂಗಿಗೂ ಬೇರೆ ಬೇರೆ ಗಾಜಿನ ಕೊಳವೆ. ಒಂದು ಆರುತ್ತಿದ್ದಂತೆ ಪಕ್ಕದ್ದು ಹೊತ್ತಿಕೊಳ್ಳುತ್ತದೆ. ಉಳಿದದ್ದನ್ನು ನಮ್ಮ ಮಿದುಳೇ ತುಂಬಿಕೊಂಡು ‘ಓಡಿದ’ ಅನ್ನುತ್ತದೆ. ಸಿನಿಮಾದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞ ಈ ಭ್ರಮೆಯ ಬಗ್ಗೆ 1912ರಲ್ಲೇ ಬರೆದಿದ್ದ.

ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಚೂರೇ ಚೂರು ನಿಯಾನ್ ಅನಿಲ ತುಂಬಿರುತ್ತಾರೆ. ಎರಡೂ ತುದಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಎಲೆಕ್ಟ್ರಾನುಗಳು ನುಗ್ಗಿ ನಿಯಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಆ ಪೆಟ್ಟಿನ ಶಕ್ತಿ ಕೆಂಪು-ಕಿತ್ತಳೆ ಬೆಳಕಾಗಿ ಹೊರಬರುತ್ತದೆ. ನಿಯಾನ್ ಕೊಡುವುದು ಅದೊಂದೇ ಬಣ್ಣ! ನೀಲಿ ಬೇಕೆಂದರೆ ಆರ್ಗಾನ್ ಜೊತೆ ಪಾದರಸದ ಹನಿ ಬೇಕು. ಮಿಕ್ಕ ಬಣ್ಣಗಳಿಗೆ ಒಳಗೆ ಪುಡಿ ಬಳಿಯುತ್ತಾರೆ, ಇಲ್ಲವೇ ಬಣ್ಣದ ಗಾಜನ್ನೇ ಬಳಸುತ್ತಾರೆ. ಆದರೂ ನಾವು ಎಲ್ಲದಕ್ಕೂ ಸುಮ್ನೆ ನಿಯಾನ್ ಅಂತೀವಿ, ಅಲ್ವಾ?

ಹಳೇ ಬಲ್ಬಿನ ಹಾಗೆ ಸುಟ್ಟುಹೋಗುವ ತಂತಿ ಇದರಲ್ಲಿಲ್ಲ. ಚೆನ್ನಾಗಿ ಮಾಡಿದ ಕೊಳವೆ ದಶಕಗಟ್ಟಲೆ ಬಾಳುತ್ತದೆ. ಇಂಥ ಬೋರ್ಡುಗಳನ್ನು ಜಾಸ್ತಿ ಕೊಂದದ್ದು ಹೊಸ ಫ್ಯಾಷನ್ನು. ಡೌನಿಯ ಅಂಗಡಿ ಬಚಾವಾದದ್ದು ಒಂದು ಕಾಗದದಿಂದ. ಅದರ ಮಾಲೀಕರ ಒಪ್ಪಂದ ಮ್ಯಾಕ್‌ಡೊನಾಲ್ಡ್ಸ್ ಶುರುಮಾಡಿದ ಮ್ಯಾಕ್‌ಡೊನಾಲ್ಡ್ ಸಹೋದರರ ಜೊತೆ ನೇರವಾಗಿ ಆಗಿತ್ತು. ಹಾಗಾಗಿ ಆಮೇಲೆ ಆ ವ್ಯಾಪಾರವನ್ನು ಕೊಂಡುಕೊಂಡ ರೇ ಕ್ರಾಕ್‌ನ ಕಂಪನಿಯ ‘ಹೊಸ ರೂಪ’ದ ನಿಯಮ ಇಲ್ಲಿ ನಡೆಯಲಿಲ್ಲ. 1994ರ ಭೂಕಂಪದಲ್ಲಿ ಪೆಟ್ಟು ತಿಂದು ಬಾಗಿಲು ಹಾಕಿದಾಗ ಮಾತ್ರ ಕಥೆ ಮುಗಿಯಿತು ಅನ್ನಿಸಿತ್ತು. ಜನ ಬಿಡಲಿಲ್ಲ. 1996ರಲ್ಲಿ ಮತ್ತೆ ತೆರೆಯಿತು.

ಒಂದು ಕೊಳವೆ ಒಡೆದರೆ ಅಚ್ಚಿಗೆ ಹಾಕಿ ಇನ್ನೊಂದು ತೆಗೆಯಲಾಗುವುದಿಲ್ಲ. ಕುಶಲಕರ್ಮಿಯೊಬ್ಬರು ಗಾಜನ್ನು ಉರಿಯ ಮೇಲೆ ಮೆತ್ತಗಾಗಿಸಿ, ಕೈಯಲ್ಲೇ ಬಗ್ಗಿಸಬೇಕು. ಬಾಯಲ್ಲಿ ರಬ್ಬರ್ ನಳಿಕೆ ಕಚ್ಚಿಕೊಂಡು ಸಣ್ಣಗೆ ಊದುತ್ತಲೂ ಇರಬೇಕು. ಊದದಿದ್ದರೆ ಸ್ಪೀಡಿಯ ಮೊಣಕಾಲು ಬಾಗುವ ಜಾಗದಲ್ಲೇ ಕೊಳವೆ ಚಪ್ಪಟೆಯಾಗಿಬಿಡುತ್ತದೆ.