ಜರ್ಮನ್ನರು ಇಂಗ್ಲೆಂಡ್‌ಗೆ ಇಳಿಯೋಕೆ ಆಗ್ತಿತ್ತಾ? ಟಗ್‌ನಲ್ಲಿ ದುಡಿದವನ ಲೆಕ್ಕ

1940ರಲ್ಲಿ ಹಿಟ್ಲರ್ ಬ್ರಿಟನ್ ಮೇಲೆ ಸೈನ್ಯ ಇಳಿಸಿದ್ರೆ ಏನಾಗ್ತಿತ್ತು ಅನ್ನೋ ಚರ್ಚೆ ಬಂದಾಗೆಲ್ಲ ಮಾತು ಸೀದಾ ವಿಮಾನಗಳಿಗೆ ಹೋಗುತ್ತೆ, ಸ್ಪಿಟ್‌ಫೈರ್ ಮೇಲಾ ಮೆಸ್ಸರ್‌ಸ್ಮಿಟ್ ಮೇಲಾ ಅಂತ. ನಾನು ಇಪ್ಪತ್ತು ವರ್ಷ ಟಗ್‌ಗಳಲ್ಲಿ ದುಡಿದವನು, ಎಂಜಿನ್ ಇಲ್ಲದ ಬಾರ್ಜ್‌ಗೆ, ಅಂದ್ರೆ ಸರಕು ಸಾಗಿಸೋ ಚಪ್ಪಟೆ ದೋಣಿಗೆ, ಹಗ್ಗ ಹಾಕಿ ಸಮುದ್ರದಲ್ಲಿ ಎಳ್ಕೊಂಡು ಹೋಗೋದೇ ನನಗೆ ಅನ್ನ ಕೊಟ್ಟ ಕೆಲಸ. ಹಾಗಾಗಿ ಆಪರೇಷನ್ ಸೀ ಲಯನ್, ಅಂದ್ರೆ ಹಿಟ್ಲರ್‌ನ ಈ ದಾಳಿಯ ಪ್ಲಾನ್ ಬಗ್ಗೆ ಓದುವಾಗ ನನ್ನ ಕಣ್ಣು ಮೊದಲು ಹೋಗಿದ್ದು ಬಾರ್ಜ್‌ಗಳ ಮೇಲೆ. ಆಕಾಶದಲ್ಲಿ ಜರ್ಮನ್ನರೇ ಗೆದ್ದಿದ್ರೂ ನೀರಿನ ಮೇಲೆ ಈ ಪ್ಲಾನ್ ನಿಲ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಜುಲೈ 16ಕ್ಕೆ ಹಿಟ್ಲರ್ ಆದೇಶ ಕೊಟ್ಟಾಗ ಜರ್ಮನಿ ಹತ್ರ ಸೈನ್ಯವನ್ನ ದಡಕ್ಕೆ ಇಳಿಸೋ ಹಡಗುಗಳೇ ಇರಲಿಲ್ಲ. ರೈನ್ ನದಿಯಿಂದ, ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ಕಾಲುವೆಗಳಿಂದ ಸುಮಾರು 2,400 ಬಾರ್ಜ್ ಕಿತ್ತು ತಂದ್ರು, ಅದರಲ್ಲಿ ಸ್ವಂತ ಎಂಜಿನ್ ಇದ್ದಿದ್ದು ಸುಮಾರು 800ಕ್ಕೆ ಮಾತ್ರ. ಮೂತಿ ಕತ್ತರಿಸಿ ರ‍್ಯಾಂಪ್ ಕೂರಿಸಿದ್ರು, ಟ್ಯಾಂಕ್ ಭಾರ ತಡೀಲಿ ಅಂತ ತಳಕ್ಕೆ ಕಾಂಕ್ರೀಟ್ ಸುರಿದ್ರು. ಇದೆಲ್ಲ ಬರೀ ಬೆದರಿಕೆ, ನಾಟಕ ಅನ್ನೋರಿದ್ದಾರೆ, ನಾನು ಒಪ್ಪಲ್ಲ, ಕಲ್ಲಿದ್ದಲು ಸಾಗಿಸೋ ಬಾರ್ಜ್‌ಗಳನ್ನ ನದಿಯಿಂದ ತೆಗೆದ್ರೆ ಸ್ವಂತ ಕಾರ್ಖಾನೆಗಳಿಗೇ ಪೆಟ್ಟು, ನಾಟಕಕ್ಕೆ ಅಷ್ಟು ಖರ್ಚು ಯಾರೂ ಮಾಡಲ್ಲ.

ಒಂದು ಟಗ್ ಹಿಂದೆ ಎರಡು ಬಾರ್ಜ್, ಇದು ಅವರ ಲೆಕ್ಕ. ನದಿ ಬಾರ್ಜ್‌ಗೆ ತಳ ಚಪ್ಪಟೆ, ಭಾರ ತುಂಬಿದ್ರೆ ಅಂಚಿಗೂ ನೀರಿಗೂ ಹೆಚ್ಚು ಅಂತರ ಇರಲ್ಲ. ಸ್ವಲ್ಪ ಅಲೆ ಎದ್ರೂ ಸಾಕು, ಟೋ ಹಗ್ಗ ಸಡಿಲಾಗಿ ನೀರಿಗೆ ಮುಳುಗುತ್ತೆ, ಮರುಕ್ಷಣ ಬಾರ್ಜ್ ಹಿಂದೆ ಜಗ್ಗಿದಾಗ ಕಂಬಿ ಥರ ಬಿಗಿಯುತ್ತೆ, ಹಗ್ಗದಿಂದ ನೀರು ಚಿಮ್ಮುತ್ತೆ, ಆ ಜಗ್ಗಿಗೆ ಕಾಲಡಿಯ ಡೆಕ್ ನಡುಗೋದು ಗೊತ್ತಾಗುತ್ತೆ. ಒಂದು ಸಲ ನಮ್ಮ ಹಗ್ಗ ಹಾಡುಹಗಲಲ್ಲೇ ತುಂಡಾಯ್ತು, ಇನ್ನೊಂದು ಹಗ್ಗ ಹಾಕೋಕೆ ಎರಡು ಗಂಟೆ ಹಿಡೀತು, ಬಾರ್ಜ್‌ನಲ್ಲಿ ಇದ್ದಿದ್ದು ಬರೀ ಜಲ್ಲಿ. ಅವರದ್ರಲ್ಲಿ ಜನ ಇರ್ತಿದ್ರು, ಜೊತೆಗೆ ಸಾವಿರಾರು ಕುದುರೆ. ಅದೂ ರಾತ್ರಿ, ದೀಪ ಇಲ್ಲದೆ, ನೂರಾರು ಟಗ್ ಸಾಲಾಗಿ ಹೋಗಿ, ದಡದ ಹತ್ರ ಎಲ್ಲ ಒಟ್ಟಿಗೆ ತಿರುಗಿ ಪಕ್ಕಪಕ್ಕ ನುಗ್ಗಬೇಕು.

ಇಂಗ್ಲಿಷ್ ಚಾನೆಲ್ ಡೋವರ್ ಹತ್ರ 33 ಕಿಲೋಮೀಟರ್ ಅಷ್ಟೇ ಅಂತಾರೆ, ಆದ್ರೆ ಎಲ್ಲರೂ ಎದುರು ದಡದ ಕ್ಯಾಲೆಯಿಂದ ಹೊರಡಲ್ವಲ್ಲ, ಒಸ್ಟೆಂಡ್, ಲೆ ಹಾವ್ರ್‌ನಿಂದ ಹೊರಟವರಿಗೆ ನೂರು ಕಿಲೋಮೀಟರ್ ಮೇಲೇ ಆಗುತ್ತೆ. ಇಂಥ ಬಾರ್ಜ್ ಎಳೆದ್ರೆ ಟಗ್ ವೇಗ ಮೂರ್ನಾಲ್ಕು ನಾಟ್ (ಗಂಟೆಗೆ ಆರೇಳು ಕಿಲೋಮೀಟರ್), ಹುಣ್ಣಿಮೆ ಅಮಾವಾಸ್ಯೆ ಹೊತ್ತಲ್ಲಿ ಡೋವರ್ ಬಳಿ ನೀರಿನ ಸೆಳೆತವೂ ಹೆಚ್ಚುಕಮ್ಮಿ ಅಷ್ಟೇ. ನೀವು ಉತ್ತರಕ್ಕೆ ಹೋಗ್ತಿದ್ದೀರಿ ಅಂದ್ಕೊಂಡ್ರೆ ನೀರು ಪಕ್ಕಕ್ಕೆ ಎಳ್ಕೊಂಡು ಹೋಗಿರುತ್ತೆ. ಇನ್ನು ಉಬ್ಬರದ ವ್ಯತ್ಯಾಸ ಅಲ್ಲಿ ಆರು ಮೀಟರ್ ಮುಟ್ಟುತ್ತೆ, ನೀರು ಇಳಿಯುವಾಗ ದಡ ಹತ್ತಿದ ಬಾರ್ಜ್ ಮುಂದಿನ ಉಬ್ಬರ ಬರೋವರೆಗೂ ಅಲ್ಲೇ ಮರಳಲ್ಲಿ ಕೂರಬೇಕು, ಗುಂಡು ಬೀಳ್ತಿದ್ರೂ ಅಲುಗಾಡೋ ಹಾಗಿಲ್ಲ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ ಒಂದಷ್ಟು ಜನ ಇಳೀತಿದ್ರು, ಬ್ರಿಟಿಷ್ ಸೈನ್ಯ ಫ್ರಾನ್ಸ್‌ನ ಡನ್‌ಕರ್ಕ್‌ನಲ್ಲಿ ಫಿರಂಗಿ, ಲಾರಿ ಎಲ್ಲ ಬಿಟ್ಟು ಬರಿಗೈಲಿ ಬಂದಿತ್ತು. ಆದ್ರೆ ಇಳಿದ ಸೈನ್ಯಕ್ಕೆ ನಾಳೆ, ನಾಳಿದ್ದು, ಆಚೆ ವಾರ ಶೆಲ್ಲು, ಪೆಟ್ರೋಲು, ಕುದುರೆಗೆ ಮೇವು ಯಾರು ತರ್ತಾರೆ? ಅದೇ ಬಾರ್ಜ್‌ಗಳು ವಾಪಸ್ ಹೋಗಿ ಮತ್ತೆ ಬರಬೇಕು. ಜರ್ಮನ್ ನೌಕಾಪಡೆ ನಾರ್ವೆಯ ನಾರ್ವಿಕ್ ಒಂದರಲ್ಲೇ ಏಪ್ರಿಲ್‌ನಲ್ಲಿ 10 ಡೆಸ್ಟ್ರಾಯರ್ (ವೇಗವಾಗಿ ಓಡೋ ಯುದ್ಧನೌಕೆ) ಕಳ್ಕೊಂಡಿತ್ತು, ಕಾವಲಿಗೆ ಹಡಗೆಲ್ಲಿ? ಎದುರಿಗೆ ಬ್ರಿಟಿಷರ ಡಜನ್‌ಗಟ್ಟಲೆ ಡೆಸ್ಟ್ರಾಯರ್ ಚಾನೆಲ್ ಆಸುಪಾಸಲ್ಲೇ ಕಾಯ್ತಿದ್ವು. ಮೂವತ್ತು ನಾಟ್‌ನಲ್ಲಿ ಓಡೋ ಡೆಸ್ಟ್ರಾಯರ್ ಎಬ್ಬಿಸೋ ಅಲೆ ಭಾರ ತುಂಬಿದ ನದಿ ಬಾರ್ಜ್‌ಗೆ ಏನು ಮಾಡುತ್ತೆ ಅಂತ ಟಗ್‌ನವರನ್ನ ಕೇಳಿ. ಜರ್ಮನ್ ನೌಕಾಪಡೆ ಮುಖ್ಯಸ್ಥ ರೇಡರ್‌ಗೆ ಇದೆಲ್ಲ ಗೊತ್ತಿತ್ತು, ಅದಕ್ಕೇ ಕೊನೆವರೆಗೂ ಹಿಂದೇಟು ಹಾಕಿದ್ದು. 1974ರಲ್ಲಿ ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿಲಿ ಎರಡೂ ಕಡೆಯ ಹಳೇ ಅಧಿಕಾರಿಗಳು ಕೂತು ಇದನ್ನೇ ವಾರ್‌ಗೇಮ್ ಆಡಿಸಿದ್ರು, ಅದರಲ್ಲೂ ಜರ್ಮನ್ನರ ಮೊದಲ ತಂಡ ಇಳೀತು, ಆಮೇಲೆ ಸಮುದ್ರದ ದಾರಿ ಕಟ್ಟಾಗಿ ಸೋತ್ರು.

ವಿಮಾನಗಳು ಡೆಸ್ಟ್ರಾಯರ್‌ಗಳನ್ನ ಮುಳುಗಿಸ್ತಿರಲಿಲ್ವಾ ಅಂತ ಕೇಳ್ತೀರಿ. ಹಗಲಲ್ಲಿ ಹೌದು. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಆಕಾಶ ಪೂರ್ತಿ ಜರ್ಮನ್ನರ ಕೈಲಿತ್ತು, 22ರಂದು ಬೆಳಕಲ್ಲಿ ಗ್ಲಾಸ್ಟರ್, ಫಿಜಿ ಅನ್ನೋ ಎರಡು ಬ್ರಿಟಿಷ್ ಕ್ರೂಸರ್ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಮುಳುಗಿಸಿದ್ರು. ಆದ್ರೆ ಅದರ ಹಿಂದಿನ ರಾತ್ರಿ ಜರ್ಮನ್ ಸೈನಿಕರನ್ನ ತುಂಬ್ಕೊಂಡು ಹೊರಟ ದೋಣಿಗಳ ಸಾಲು ಬ್ರಿಟಿಷ್ ಹಡಗುಗಳ ಕಣ್ಣಿಗೆ ಬಿತ್ತು, ಕತ್ತಲಲ್ಲಿ ವಿಮಾನ ಬರೋ ಹಾಗಿರಲಿಲ್ಲ, ಕಾವಲಿಗಿದ್ದ, ಜರ್ಮನಿ ಜೊತೆಗಾರ ಇಟಲಿಯ ಒಂದು ಟಾರ್ಪಿಡೊ ಬೋಟ್ ಧೈರ್ಯವಾಗಿ ಹೋರಾಡಿದ್ರೂ ಸಾಲು ಚೆಲ್ಲಾಪಿಲ್ಲಿ ಆಯ್ತು, ಒಂದೆರಡು ದೋಣಿ ಮಾತ್ರ ದಡ ಮುಟ್ಟಿದ್ವು. ಅವು ಕಡಲಿಗೆ ಅಂತಲೇ ಕಟ್ಟಿದ ದೋಣಿಗಳು, ರೈನ್ ಬಾರ್ಜ್ ಅಲ್ಲ.